ಗೆರಟೆ ಪೊರ್ಬುವಿನ ಬುಲ್ಡೋಜರ್

ಮಲ್ಪೆ ಬಂದರಿನಲ್ಲಿ ಬೋಟಿನ ಎಂಜಿನ್ ಕೆಮ್ಮಲು ಶುರುಮಾಡಿದರೆ ಜನ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ಕಜೆಟನ್‌ನಿಗೆ ಫೋನ್ ಮಾಡುತ್ತಾರೆ. ಅನುಭವಸ್ಥರು ಈ ಕ್ರಮವನ್ನು ಹಿಂದುಮುಂದು ಮಾಡುವುದೂ ಉಂಟು. ಮನೆ ಕಾಪುವಿನಲ್ಲಿ, ಕೆಲಸ ಮಲ್ಪೆಯಲ್ಲಿ, ಪ್ರಾಯ ಅರುವತ್ತಕ್ಕೆ ಹತ್ತಿರ. ಅವನ ಉಗುರಿನ ಸಂದಿಯ ಕರಿ ಮದುವೆಯ ದಿನವೂ ಹೋಗಿರಲಿಲ್ಲವೆಂದು ಹೆಂಡತಿ ಶಾರ್ಲೆಟ್ ಈಗಲೂ ನಗುತ್ತಾಳೆ. ಯಾವ ಎಂಜಿನ್ನನ್ನಾದರೂ ಸರಿ, ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ಬಿಚ್ಚಿ ಹರಡುವ ಆಸಾಮಿ. ಇಂಥವನು ಒಂದೇ ಒಂದು ಎಂಜಿನ್ನಿಗೆ ಹೆದರಿ, ಒಂದು ಮಳೆಗಾಲ ಮತ್ತು ಒಂದು ಬೇಸಗೆ ಪೂರ್ತಿ ಅದನ್ನು ಮುಟ್ಟದೆ ಸುತ್ತಲೇ ಸುಳಿದಾಡಿದ ಎಂದರೆ ಬಂದರಿನವರು ನಂಬಲಿಕ್ಕಿಲ್ಲ. ಆದರೆ ನಡೆದದ್ದು ಹಾಗೆಯೇ.

ಆ ಎಂಜಿನ್ ಇದ್ದದ್ದು ಅಜೆಕಾರಿನ ಒಂದು ಮುಚ್ಚಿದ ಅಕ್ಕಿ ಗಿರಣಿಯೊಳಗೆ, ಒಂದು ಹಳೇ ಬುಲ್ಡೋಜರಿನ ಹೊಟ್ಟೆಯಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಪರದೇಶದ ಸೈನ್ಯದವರು ಬೇಡವಾದ ಯಂತ್ರಗಳನ್ನೆಲ್ಲ ಇಲ್ಲೇ ಬಿಟ್ಟು ಹಡಗು ಹತ್ತಿದರಲ್ಲ, ಅವು ಹರಾಜಿಗೆ ಬಂದವು. ಕಾರ್ಕಳದ ಕಡೆಯ ಒಬ್ಬ ರಸ್ತೆ ಗುತ್ತಿಗೆದಾರರು ಮದ್ರಾಸಿನ ತನಕ ಹೋಗಿ ಇದೊಂದನ್ನು ಹಿಡಿದುಕೊಂಡು ಬಂದರು. ಅವರ ನಂತರ ಮಗ ವಿಷ್ಣುಮೂರ್ತಿ ಕಂಟ್ರಾಕ್ಟು ನಡೆಸಿದರು. ಮೂರ್ತಿಯವರ ಕಾಲದಲ್ಲಿ ಆ ಬುಲ್ಡೋಜರ್ ಓಡಿಸುತ್ತಿದ್ದವರು ಕಜೆಟನ್‌ನ ಅಪ್ಪ ಸ್ಟ್ಯಾನಿಸ್ಲಾಸ್. ಇಲ್ಲಿಯ ತುಳು ಜನ ಕ್ರೈಸ್ತರನ್ನು ಮರ್ಯಾದೆಯಿಂದ ಪೊರ್ಬು ಎನ್ನುವುದು ವಾಡಿಕೆ. ಸ್ಟ್ಯಾನಿಸ್ಲಾಸ್ ಪೊರ್ಬು ಗುಡ್ಡ ಕಡಿಯಲು ಹತ್ತಿದರೆ ಶಾಲೆಗೆ ಹೋಗುವ ಮಕ್ಕಳು ದಾರಿಯಲ್ಲೇ ನಿಂತುಬಿಡುತ್ತಿದ್ದರಂತೆ.

ಮಳೆಗಾಲದಲ್ಲಿ ಮಣ್ಣಿನ ಕೆಲಸ ಇಲ್ಲ. ಯಂತ್ರವನ್ನು ಬಯಲಿನಲ್ಲಿ ನಿಲ್ಲಿಸಿ ಹೋಗುವ ದಿನ ಆಪರೇಟರ್ ಮಾಡಬೇಕಾದ ಕಡೆಯ ಕೆಲಸವೊಂದಿತ್ತು. ಆಕಾಶ ನೋಡುತ್ತ ನೆಟ್ಟಗೆ ನಿಂತ ಹೊಗೆ ಪೈಪಿನ ಬಾಯಿಗೆ ಒಂದು ತೆಂಗಿನ ಗೆರಟೆ ಕವುಚಿ, ಮೇಲೆ ಗೋಣಿ ಸುತ್ತಿ, ಹುರಿಹಗ್ಗದಲ್ಲಿ ಬಿಗಿದು ಕಟ್ಟುವುದು. ಇಲ್ಲದಿದ್ದರೆ ಮಳೆನೀರು ಪೈಪಿನೊಳಗೆ ಇಳಿದು ಎಂಜಿನ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಕಜೆಟನ್ ಮೂರನೇ ಕ್ಲಾಸಿನಲ್ಲಿದ್ದ ವರ್ಷ, ಮಳೆ ಬಿಟ್ಟ ಮೇಲೆ ಬುಲ್ಡೋಜರ್ ಚಾಲೂ ಆಗಲಿಲ್ಲ. ಪೇಟೆಯಿಂದ ಬಂದ ಮೆಕ್ಯಾನಿಕ್ ಒಂದು ನೋಝಲ್ ಕಳಚಿದ, ಒಳಗಿನಿಂದ ಕೆಂಪು ನೀರು ಜಿನುಗಿತು. ನೀರು ಎಂದ ಮೇಲೆ ಮುಗಿಯಿತು. ನಾಲ್ಕು ತಿಂಗಳು ಆಕಾಶ ತೂತುಬಿದ್ದ ಹಾಗೆ ಸುರಿಯುವ ಈ ಸೀಮೆಯಲ್ಲಿ ನೀರು ಕಂಡರೆ ಅದು ಎಲ್ಲಿಂದ ಬಂತೆಂದು ಯಾರಾದರೂ ಕೇಳುತ್ತಾರೆಯೇ? ನೀರೆಂದರೆ ಮಳೆ. ಗೆರಟೆ ಪೈಪಿನ ಮೇಲೆ ಕಟ್ಟಿದ ಹಾಗೇ ಇತ್ತು, ಅದೇನೋ ನಿಜ. ಆದರೆ ಮೂರ್ತಿಯವರು, ಹಾಳಾದದ್ದು ಗೊತ್ತಾದ ಮೇಲೆ ಪೊರ್ಬು ಕಳ್ಳತನದಲ್ಲಿ ಬಂದು ಕಟ್ಟಿ ಹೋಗಿರಬೇಕೆಂದರು. ಹೇಳಿದವರು ದೊಡ್ಡವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಾಲದಲ್ಲೂ ಇದ್ದಾರೆ.

ಬುಲ್ಡೋಜರನ್ನು ಎಳೆದು ತಂದು ಗಿರಣಿಯ ಮಾಡಿನ ಕೆಳಗೆ ತಳ್ಳಿದರು. ಸ್ಟ್ಯಾನಿಸ್ಲಾಸರ ಕೆಲಸ ಹೋಯಿತು. ಕೆಲಸ ಹೋದದ್ದು ಹೋಗಲಿ, ಒಂದು ಹೆಸರು ಬಂದು ಅಂಟಿಕೊಂಡಿತು. ಗೆರಟೆ ಪೊರ್ಬು. ಅಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ, ಕೋಳಿ ಅಂಕದಲ್ಲಿ ಎಲ್ಲೆಲ್ಲೂ ಅದೇ. ಊರ ಬಾಯಿಗೆ ಹಾಕುವ ಮುಚ್ಚಳ ಯಾರ ಹತ್ತಿರವೂ ಇಲ್ಲ. ಕಡೆಗೆ ಅವರು ಹೆಂಡತಿ ಜೆರ್ಟ್ರೂಡ್ ಮತ್ತು ಮಗನನ್ನು ಕರೆದುಕೊಂಡು ಕಾಪುವಿಗೆ ಬಂದು, ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಹೊರುವ ಕೆಲಸಕ್ಕೆ ಸೇರಿದರು. ಸಾಯುವ ತನಕ ಮತ್ತೆ ಯಾವ ಯಂತ್ರದ ಸೀಟಿನಲ್ಲೂ ಕೂರಲಿಲ್ಲ. ಯಾರಾದರೂ ಆ ಗೆರಟೆಯ ವಿಷಯ ಕೆದಕಿದರೆ ಅವರದ್ದು ಒಂದೇ ಮಾತು. “ನಾನು ಇಟ್ಟಿದ್ದೆ.”

ಅಪ್ಪನಿಗೆ ಮಧ್ಯಾಹ್ನದ ಗಂಜಿ ಕೊಡಲು ಬಂದರಿಗೆ ಹೋಗಿ ಹೋಗಿಯೇ ಕಜೆಟನ್ ಬೋಟಿನ ಎಂಜಿನ್ ಕಲಿತದ್ದು. ಕಲಿತಷ್ಟೂ ಅವನಿಗೆ ಅಪ್ಪನ ಮಾತು ಕಷ್ಟವಾಗುತ್ತ ಬಂತು. ದಡಕ್ಕೆ ಎಳೆದ ಬೋಟುಗಳಲ್ಲಿ ಪೈಪು ಮುಚ್ಚದೆ ಕಚ್ಚಿಹೋದ ಎಂಜಿನ್ನುಗಳನ್ನು ಪ್ರತಿ ವರ್ಷ ನೋಡುತ್ತಿದ್ದ. ಎಲ್ಲ ಮಾಲಕರೂ ಎದೆ ಮುಟ್ಟಿಕೊಂಡು, ಮುಚ್ಚಿದ್ದೆವು ಎಂದೇ ಹೇಳುತ್ತಿದ್ದರು. ಅಪ್ಪ ಮರೆತಿದ್ದಾರೆ, ಒಪ್ಪಿಕೊಳ್ಳಲು ನಾಚಿಕೆ, ಅಷ್ಟೇ ಎಂದು ಅವನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಬಾಯಿ ಬಿಟ್ಟು ಒಮ್ಮೆಯೂ ಹೇಳಲಿಲ್ಲ. ಆ ವಿಷಯ ಬಂದಾಗ ಮೀನಿನ ರೇಟಿನ ಸುದ್ದಿ ಎತ್ತುತ್ತಿದ್ದ.

ಎರಡು ವರ್ಷದ ಹಿಂದೆ ಮೂರ್ತಿಯವರ ಮಗ ಅನಂತೇಶನ ಫೋನ್ ಬಂತು. ಅನಂತೇಶನದ್ದು ಈಗ ಮಣಿಪಾಲದಲ್ಲಿ ಕಟ್ಟಡ ಕಟ್ಟುವ ಕಂಪನಿ. ಹೊಸ ಆಫೀಸಿನ ಎದುರು ಅಜ್ಜ ತಂದ ಬುಲ್ಡೋಜರನ್ನು ಚಂದ ಮಾಡಿ ನಿಲ್ಲಿಸಬೇಕೆಂದು ಅವನ ಆಸೆ. ಓಡಬೇಕೆಂದಿಲ್ಲ, ಪೈಂಟು ಹೊಡೆದು ನಿಂತರೆ ಸಾಕು. ಈ ಕೆಲಸಕ್ಕೆ ನೀವೇ ಸರಿ ಎಂದು ಬಂದರಿನಲ್ಲಿ ಎಲ್ಲರೂ ಹೇಳುತ್ತಾರೆ ಎಂದ. ಯಾರ ಮಗನೊಡನೆ ಮಾತಾಡುತ್ತಿದ್ದೇನೆಂದು ಪಾಪ, ಅವನಿಗೆ ಗೊತ್ತಿರಲಿಲ್ಲ. ಕಜೆಟನ್ ಆಗುವುದಿಲ್ಲ ಎನ್ನಲು ಹೊರಟಿದ್ದ. ಪಕ್ಕದಲ್ಲೇ ಬಂಗುಡೆ ಸೀಳುತ್ತ ಕೂತಿದ್ದ ತಾಯಿ ಜೆರ್ಟ್ರೂಡ್, ಎಂಬತ್ತು ದಾಟಿದರೂ ಕಿವಿ ಮಾತ್ರ ಚುರುಕು, ಕತ್ತಿ ಕೆಳಗಿಟ್ಟು ಹೇಳಿದರು.

“ಒಪ್ಪಿಕೋ ಪುತಾ. ಆದರೆ ಒಳಗೆ ನೋಡದೆ ಮೇಲೆ ಬಣ್ಣ ಹಚ್ಚಬೇಡ.”

ಅಂದಿನಿಂದ ಭಾನುವಾರದ ಪೂಜೆ ಮುಗಿದದ್ದೇ ಅಜೆಕಾರಿನ ದಾರಿ. ಗಿರಣಿಯ ಬಾಗಿಲು ತೆಗೆದಾಗ ಸೀಟಿನ ಮೇಲೆ ಗೆದ್ದಲಿನ ಹುತ್ತ, ಚಕ್ರಗಳನ್ನು ಸುತ್ತಿದ ಉಕ್ಕಿನ ಪಟ್ಟಿಯ ನಡುವೆ ಹಾವಿನ ಪೊರೆ. ಕಜೆಟನ್ ಡೀಸೆಲ್ ಮತ್ತು ಸುಟ್ಟ ಎಣ್ಣೆ ಬೆರೆಸಿ ಪಟ್ಟಿಯ ಒಂದೊಂದು ಕೀಲಿಗೂ ಕುಡಿಸಿದ. ವಾರಗಟ್ಟಲೆ ಕುಡಿಸಿ, ಬಡಿದು, ಮತ್ತೆ ಕುಡಿಸಿದ ಮೇಲೆ ಅವು ಒಂದೊಂದಾಗಿ ಸಡಿಲವಾದವು. ಬಣ್ಣ ಕೆರೆದಾಗ ಮೂರ್ತಿಯವರ ಕಂಟ್ರಾಕ್ಟಿನ ಹಳದಿ ಉದುರಿತು, ಅದರಡಿಯಿಂದ ಪಾಚಿಯಂಥ ಮಿಲಿಟರಿ ಹಸಿರು ಬಂತು, ಹಸಿರಿನ ಮೇಲೆ ಅರ್ಧ ಅಳಿದ ಬಿಳಿ ನಕ್ಷತ್ರ. ಅಲ್ಲಿಗೆ ಅವನಿಗೆ ಹುಚ್ಚು ಹಿಡಿಯಿತು. ತಗಡಿನ ಮೇಲಿನ ನಂಬರಿನ ಫೋಟೋ ತೆಗೆದು, ಹಳೇ ಯಂತ್ರಗಳ ಹುಚ್ಚರೆಲ್ಲ ಸೇರುವ ಒಂದು ಫೇಸ್‌ಬುಕ್ ಗುಂಪಿಗೆ ಹಾಕಿದ. ಹಾಲೆಂಡಿನ ಒಬ್ಬ ಮುದುಕ ಉತ್ತರ ಕೊಟ್ಟ. ಇದು ಯುದ್ಧ ನಡೆಯುತ್ತಿದ್ದಾಗಲೇ ಸೈನ್ಯಕ್ಕೆಂದು ಮಾಡಿದ್ದು, ಬರ್ಮಾದ ಕಡೆಗೆ ಹೋಗಿದ್ದರೂ ಹೋಗಿರಬಹುದು ಎಂದ. ‘ಹೋಗಿರಬಹುದು’ ಎಂಬ ಮಾತು ಅಜೆಕಾರಿನ ಹೋಟೆಲು ಮುಟ್ಟುವಷ್ಟರಲ್ಲಿ ‘ಹೋಗಿ ಜಪಾನಿನವರನ್ನು ಓಡಿಸಿ ಬಂದಿದೆ’ ಎಂದಾಯಿತು.

ಇಷ್ಟೆಲ್ಲ ಆಯಿತು, ಎಂಜಿನ್ ಮಾತ್ರ ಹಾಗೇ ಉಳಿಯಿತು. ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ ಹೆಡ್ ಎನ್ನುತ್ತಾರೆಂದು ಜೆರ್ಟ್ರೂಡ್ ಎಲ್ಲಿಂದಲೋ ಕಲಿತಿದ್ದರು. ಮಗ ಮನೆಗೆ ಬಂದ ಕೂಡಲೇ, ಹೆಡ್ ಬಿಚ್ಚಿದೆಯಾ ಎಂದು ಕೇಳುವರು. ಇವನಿಗೆ ವಾರಕ್ಕೊಂದು ನೆವ. ಒಮ್ಮೆ ಬೋಲ್ಟು ಕಚ್ಚಿದೆ, ಒಮ್ಮೆ ಅದಕ್ಕೆ ಸರಿಯಾದ ಸ್ಪ್ಯಾನರ್ ಇಲ್ಲ, ಒಮ್ಮೆ ಮಳೆ, ಒಮ್ಮೆ ಸೆಕೆ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು! ನಿಜವೇನೆಂದರೆ ಅವನಿಗೆ ಹೆದರಿಕೆ. ಮಳೆನೀರು ಕಳ್ಳನ ಹಾಗೆ ಬಂದರೂ ಹೆಜ್ಜೆ ಗುರುತು ಬಿಟ್ಟೇ ಹೋಗುತ್ತದೆ. ಪೈಪಿನಿಂದ ಹೊಗೆಯ ದಾರಿಗೆ, ಅಲ್ಲಿಂದ ತೆರೆದ ವಾಲ್ವಿಗೆ, ವಾಲ್ವಿನಿಂದ ಸಿಲಿಂಡರಿಗೆ ಇಳಿದಲ್ಲೆಲ್ಲ ತುಕ್ಕಿನ ಗೆರೆ ಇರಲೇಬೇಕು. ಗಿರಣಿಯ ಮಾಡಿನ ಕೆಳಗೆ ಇಷ್ಟು ವರ್ಷ ಹನಿ ಬೀಳದ ಕಾರಣ ಆ ಗುರುತು ಇದ್ದರೆ ಇದ್ದಲ್ಲೇ ಇರುತ್ತದೆ. ಕಂಡರೆ, ಅಪ್ಪ ಸಾಯುವ ತನಕ ಸುಳ್ಳು ಹೇಳಿದರೆಂದಾಯಿತು. ಅದನ್ನು ಈ ಪ್ರಾಯದಲ್ಲಿ ತಾಯಿಗೆ ಯಾವ ಬಾಯಿಯಲ್ಲಿ ಹೇಳುವುದು?

ಕಡೆಗೆ ಅನಂತೇಶ, ಮುಂದಿನ ವಾರ ಕ್ರೇನು ಕಳಿಸುತ್ತೇನೆ ಎಂದ. ಇನ್ನು ನೆವ ಉಳಿಯಲಿಲ್ಲ. ಕಜೆಟನ್ ಶಿಲುಬೆಯ ಗುರುತು ಮಾಡಿ ಮೊದಲು ಎಂಜಿನ್ನಿನಿಂದ ಹೊಗೆ ಪೈಪಿಗೆ ಹೋಗುವ ಎರಕದ ಕೊಳವೆಯನ್ನು ಕಳಚಿದ. ಒಳಗೆ ಬೆರಳು ಹಾಕಿದರೆ ಒಣ ಮಸಿ. ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತದಲ್ಲ, ಅಂಥ ಮಸಿ. ಹೆಡ್ ಎತ್ತಿ ಒಂದೊಂದೇ ವಾಲ್ವಿನ ಬಾಯಿ ನೋಡಿದ. ಅಲ್ಲೂ ಮಸಿ, ತುಕ್ಕಿನ ಒಂದು ಗೆರೆ ಇಲ್ಲ. ಮೇಲಿನಿಂದ ನೀರು ಬಂದೇ ಇರಲಿಲ್ಲ. ಆದರೆ ಮೂರನೇ ಸಿಲಿಂಡರ್ ಮಾತ್ರ ತುಕ್ಕು ತಿಂದು ಕಚ್ಚಿಕೊಂಡಿತ್ತು, ಅದರ ಗೋಡೆಯಲ್ಲಿ ಕೂದಲಿನಷ್ಟು ಸಪೂರದ ಒಂದು ಬಿರುಕು. ಟಾರ್ಚು ಹಿಡಿದು ಹೊರಬದಿಗೆ ಬಂದು ನೋಡಿದ. ಇಷ್ಟು ವರ್ಷ ಕೊಳವೆಯ ಹಿಂದೆ ಅಡಗಿದ್ದ ಜಾಗದಲ್ಲಿ ಹಿತ್ತಾಳೆ ಕರಗಿಸಿ ಹಾಕಿದ ಹಳೆಯ ಬೆಸುಗೆ. ಬೆಸುಗೆಯ ಮೇಲೆ ಬಳಿದದ್ದು ಹಳದಿ ಅಲ್ಲ, ಹಸಿರು.

ಅವನು ನೆಲದ ಮೇಲೆ ಕೂತುಬಿಟ್ಟ. ಯಂತ್ರ ಹರಾಜಿಗೆ ಬರುವ ಮೊದಲೇ ಎಂಜಿನ್ ಒಡೆದಿತ್ತು. ಯುದ್ಧದ ಗಡಿಬಿಡಿಯಲ್ಲಿ ಯಾವನೋ ಸಿಪಾಯಿ ಮೆಕ್ಯಾನಿಕ್ ಅದನ್ನು ಚಂದಕ್ಕೆ ಬೆಸೆದಿದ್ದ, ಅವನ ಕೈ ಒಳ್ಳೆಯದು, ಅಷ್ಟು ವರ್ಷ ಹಿಡಿದುಕೊಂಡಿತು. ಆ ಮಳೆಗಾಲದಲ್ಲಿ ಬೆಸುಗೆ ಬಿಟ್ಟು, ರೇಡಿಯೇಟರಿನ ನೀರೇ ಒಳಗೆ ಜಿನುಗಿ ಕೆಟ್ಟಿದೆ. ಎಂಜಿನ್ನಿಗೆ ತನ್ನದೇ ನೀರು ಉಂಟೆಂಬುದು ಆವತ್ತು ಮಳೆಯ ಊರಿನ ಒಬ್ಬನಿಗೂ ಹೊಳೆಯಲಿಲ್ಲ. ಹೋಗಲಿ, ಅವರಿಗೆ ಬೇಡ. ಇಷ್ಟು ಎಂಜಿನ್ ಬಿಚ್ಚಿದ ನನಗಾದರೂ ಹೊಳೆಯಬೇಡವೇ ಎಂದು ಕಜೆಟನ್ ತನ್ನ ತಲೆಗೇ ಒಂದು ಹೊಡೆದುಕೊಂಡ.

ಅವನು ನೇರ ಅನಂತೇಶನಿಗೆ ಫೋನ್ ಮಾಡಿ, ನಾನು ಗೆರಟೆ ಪೊರ್ಬುವಿನ ಮಗ, ನಿಮ್ಮ ತಂದೆಯವರನ್ನು ಒಮ್ಮೆ ಗಿರಣಿಗೆ ಕರೆತರಬೇಕು ಎಂದ. ಮೂರ್ತಿಯವರು ಊರುಗೋಲು ಹಿಡಿದು ಬಂದರು. ಮಸಿ ತೋರಿಸಿದ, ಬಿರುಕು ತೋರಿಸಿದ, ಹಸಿರಿನಡಿಯ ಹಿತ್ತಾಳೆ ತೋರಿಸಿದ. ಅವರು ಬೆಸುಗೆಯ ಮೇಲೆ ಬೆರಳಾಡಿಸಿದರು. ಸಮಜಾಯಿಷಿ ಹೇಳಲಿಲ್ಲ, ಅಷ್ಟು ಮಟ್ಟಿಗೆ ದೊಡ್ಡ ಮನುಷ್ಯರೇ.

“ಬಾಯಿ ಇದ್ದಾರಾ?” ಎಂದು ಕೇಳಿದರು. ಪೊರ್ಬುಗಳ ಮನೆಯ ಹೆಂಗಸರನ್ನು ಬಾಯಿ ಎನ್ನುವುದು ಇಲ್ಲಿಯ ಮರ್ಯಾದೆ.

ತಾಯಿ ಇದ್ದಾರೆ ಎಂದಾಗ, ಹಾಗಾದರೆ ಈಗಲೇ ಕಾಪುವಿಗೆ ಹೋಗುವ ಎಂದರು. ಜೆರ್ಟ್ರೂಡ್ ಅವರನ್ನು ಚಾವಡಿಯಲ್ಲಿ ಕೂರಿಸಿ, ನಮ್ಮಲ್ಲಿ ಚಾ ಕುಡಿಯುತ್ತಾರೋ ಇಲ್ಲವೋ ಎಂದು ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು. ಮೂರ್ತಿಯವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

“ಪೊರ್ಬುಗಳು ಸರಿ ಇದ್ದರು ಬಾಯಿ. ತಪ್ಪು ಹೇಳಿದ್ದು ನಾನು. ಆ ಅಡ್ಡಹೆಸರೂ ನನ್ನ ಬಾಯಿಯಿಂದಲೇ ಹೊರಟದ್ದು.”

ಜೆರ್ಟ್ರೂಡ್ ತಲೆಯಾಡಿಸಿದರು. ಬೊಂಡ ಬಿಸಿಯಾಗುವ ಮೊದಲು ಕುಡಿಯಿರಿ ಎಂದರು. ಅವರು ಕುಡಿದು, ಕೈ ಮುಗಿದು ಹೋದರು. ಬುಲ್ಡೋಜರನ್ನು ಓಡುವ ಹಾಗೆಯೇ ಮಾಡಿಕೊಡಬೇಕು, ಎಷ್ಟು ಸಮಯ ಹಿಡಿದರೂ ಅಡ್ಡಿಯಿಲ್ಲ ಎಂದು ಅನಂತೇಶ ಗೇಟಿನ ಹತ್ತಿರ ಹೇಳಿ ಕಾರು ಹತ್ತಿದ.

ಕಜೆಟನ್‌ನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಷ್ಟು ವರ್ಷದ ಕಳಂಕ ತೊಳೆದೆನೆಂಬ ಹೆಮ್ಮೆ. ಒಳಗೆ ಬಂದು ತಾಯಿಯ ಪಕ್ಕ ಕೂತು, ಮಸಿ ಹೇಗಿತ್ತು, ಬೆಸುಗೆ ಹೇಗೆ ಸಿಕ್ಕಿತು ಎಂದು ಮತ್ತೆ ಮೊದಲಿನಿಂದ ಶುರುಮಾಡಿದ. ಕೇಳುತ್ತ ಕೇಳುತ್ತ ಜೆರ್ಟ್ರೂಡ್ ಅವನ ಮೊಣಕೈ ಹಿಡಿದು ನಿಲ್ಲಿಸಿದರು.

“ನನಗೆ ಎಂತಕ್ಕೆ ಇದೆಲ್ಲ? ಅವರು ಇಟ್ಟಿದ್ದೆ ಅಂದ ದಿನವೇ ನನಗೆ ಗೊತ್ತಿತ್ತು.”

“ಮತ್ತೆ ಹೆಡ್ ಬಿಚ್ಚು ಹೆಡ್ ಬಿಚ್ಚು ಅಂತ ನನ್ನ ಪ್ರಾಣ ತೆಗೆದದ್ದು ಯಾಕೆ?”

“ನಿನಗೆ ಗೊತ್ತಾಗಲಿ ಅಂತ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಮೂರ್ತಿಯವರು ಹೇಳಿದ್ದಕ್ಕೆ ನಿನ್ನ ಅಪ್ಪ ಅಷ್ಟು ಬೇಸರ ಮಾಡಲಿಲ್ಲ. ಊರಿನವರದ್ದೂ ಮರೆತರು. ನೀನು ದೊಡ್ಡ ಮೆಕ್ಯಾನಿಕ್ ಆದ ಮೇಲೆ, ಇವನಾದರೂ ಒಮ್ಮೆ ಕೇಳುತ್ತಾನೆ ಅಂತ ಕಾದರು. ನೀನು ಮೀನಿನ ಸುದ್ದಿ ಹೇಳುತ್ತಿದ್ದೆ. ಇವನೂ ನಂಬಲಿಲ್ಲ ಜೆರ್ಟ್ರೂಡ್ ಅಂತ ನನ್ನ ಹತ್ತಿರ ಒಮ್ಮೆ ಹೇಳಿದರು. ಒಮ್ಮೆಯೇ.”

ಕಜೆಟನ್‌ನಿಗೆ ಗಿರಣಿಯಲ್ಲಿ ಬಾರದ ಅಳು ಈಗ ಬಂತು. ತಾಯಿ ಸೆರಗಿನಿಂದ ಅವನ ಮುಖ ಒರೆಸಿದರು. ಹೋಗಿ ಅಪ್ಪನ ಹತ್ತಿರ ಹೇಳಿ ಬಾ ಎಂದರು. ಮೂರ್ತಿಯವರ ವಿಷಯ ಅಲ್ಲ, ನಿನ್ನದು.

ಅವನು ಎಣ್ಣೆ ಹತ್ತಿದ ಅಂಗಿಯಲ್ಲೇ ಇಗರ್ಜಿಯ ಹಿಂದಿನ ಸಿಮೆಟ್ರಿಗೆ ಹೋದ. ಸಂಜೆಯ ಬಿಸಿಲು ಇನ್ನೂ ಇತ್ತು, ಒಬ್ಬ ಹೆಂಗಸು ಆಚೆ ಬದಿಯಲ್ಲಿ ತರಗೆಲೆ ಗುಡಿಸುತ್ತಿದ್ದಳು. ಅಪ್ಪನ ಸಮಾಧಿಯ ಮುಂದೆ ಅವನು ಮೊದಲು ಬಿರುಕಿನ ವಿಷಯವನ್ನೇ ಹೇಳಲು ಹೊರಟ. ಅರ್ಧಕ್ಕೇ ನಿಲ್ಲಿಸಿದ. ಹೆಂಗಸಿಗೆ ಕೇಳಿಸಿದರೆ ಕೇಳಿಸಲಿ ಎಂದು ದೊಡ್ಡದಾಗಿಯೇ ಹೇಳಿದ.

“ಪಪ್ಪಾ, ನಾನು ನಂಬಿರಲಿಲ್ಲ.”