ಠಣ್ ಎನ್ನದ ಬೋಲ್ಟು

ನನ್ನ ಭಾವನನ್ನು ಕಟ್ಟಡ ಕೆಲಸದವರೆಲ್ಲ ತೂಗುಗುಂಡು ಎಂದೇ ಕರೆಯುತ್ತಾರೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆ ಗುಂಡು ಸದಾ ಅವರ ಜೇಬಿನಲ್ಲಿರುತ್ತದೆ. ಅಕ್ಕನನ್ನು ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದವರು, ಕೈ ತೊಳೆಯುವುದಕ್ಕೂ ಮೊದಲೇ ಅದನ್ನು ಬಾಗಿಲ ಪಕ್ಕ ಇಳಿಬಿಟ್ಟು, "ಈ ಗೋಡೆ ಬಲಕ್ಕೆ ವಾಲಿದೆ" ಎಂದರು. ಆ ಗೋಡೆ ಕಟ್ಟಿದವನು ನಾನು. ಗಾರೆ ಕೆಲಸದವನಿಗೆ ಅವನ ಮನೆಯಲ್ಲೇ, ಅವನ ಅನ್ನ ಉಣ್ಣಲು ಬಂದ ಬಡಗಿ ಹೀಗೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಂದಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಕೆಲಸ ಎಂದರೆ ಜೊತೆಗೇ ಹೋಗುತ್ತೇವೆ. ಕಾಂಕ್ರೀಟು ನನ್ನದು, ಮರ ಅವರದು, ಜಗಳ ಇಬ್ಬರದೂ.

ಭಾವ ಚಿಕ್ಕಂದಿನಲ್ಲೇ ಮರದ ಮಿಲ್ಲಿಗೆ ಸೇರಿದವರು. ಅರ್ಧ ಆಯಸ್ಸು ದೊಡ್ಡ ಗರಗಸದ ಯಂತ್ರದ ಪಕ್ಕದಲ್ಲೇ ಕಳೆದು, ಆಮೇಲೆ ಸ್ವಂತ ಬಡಗಿತನಕ್ಕೆ ಇಳಿದರು. ಮಾತು ಕಡಿಮೆ. ಆದರೆ ಕಂಬ ನಿಲ್ಲಿಸುವ ವಿಷಯ ಬಂದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಗುಂಡಿ ತೋಡಿ, ಕಂಬ ಇಳಿಸಿ, ಸುತ್ತ ಕಾಂಕ್ರೀಟು ತುಂಬಿ ಮುಗಿಸೋಣ ಎನ್ನುವವನು. ಅವರು ಅದಕ್ಕೆ ಒಪ್ಪಿದವರೇ ಅಲ್ಲ. "ಮರಾನ ಕಾಂಕ್ರೀಟಲ್ಲಿ ಹೂತ್ರೆ ಅದು ನೀರು ಕುಡಿದು ಬುಡದಲ್ಲೇ ಕೊಳೀತದೆ. ಮೇಲೆ ನೋಡೋರಿಗೆ ಕಂಬ, ಒಳಗೆ ಹುಡಿ" ಎನ್ನುತ್ತಿದ್ದರು. ಅವರ ಕಂಬಗಳಿಗೆಲ್ಲ ಕಬ್ಬಿಣದ ಪಾದ. ಆ ಪಾದವನ್ನು ಕಾಂಕ್ರೀಟಿಗೆ ಬೋಲ್ಟು ಹಾಕಿ ಬಿಗಿಯಬೇಕು, ಅದರ ಮೇಲೆ ಕಂಬ ನಿಲ್ಲಬೇಕು, ಮರಕ್ಕೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಇರಬೇಕು. ಕೊನೆಗೆ ಪ್ರತಿ ಬೋಲ್ಟಿನ ತಲೆಗೂ ಸುತ್ತಿಗೆಯಿಂದ ಒಂದೇಟು ಹಾಕಿ ಕಿವಿಗೊಡುತ್ತಾರೆ. ಠಣ್ ಎಂದರೆ ಬೋಲ್ಟು ಕಾಂಕ್ರೀಟನ್ನು ಕಚ್ಚಿದೆ ಎಂದರ್ಥ. ದಬ್ ಎಂದರೆ ಕಿತ್ತು ಮತ್ತೆ ಹಾಕಬೇಕು. ಅವರು ತಲೆಯಾಡಿಸದೆ ಯಾವ ಕೆಲಸವೂ ಮುಗಿದಂತಲ್ಲ.

ಇತ್ತೀಚೆಗೆ ನಾನು ಹತ್ತು ಮಾತಾಡಿದರೆ ಒಂದಕ್ಕೆ ಉತ್ತರ ಬಂದರೆ ಅದೇ ಹೆಚ್ಚು. ವಯಸ್ಸಾದ ಹಾಗೆ ಸೊಕ್ಕೂ ಏರಿದೆ ಎಂದುಕೊಂಡಿದ್ದೆ. ಒಮ್ಮೆ ಅಕ್ಕನ ಮುಂದೆ ಅಂದೂಬಿಟ್ಟೆ, "ನಿನ್ನ ಗಂಡನ ಹತ್ರ ಮಾತಾಡೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ" ಅಂತ. ಸಾಮಾನ್ಯವಾಗಿ ಇಂಥದ್ದಕ್ಕೆ ಸೌಟು ಎತ್ತುವ ಅಕ್ಕ ಆ ದಿನ ಸುಮ್ಮನೆ ಪಾತ್ರೆ ತೊಳೆಯುತ್ತಾ ಉಳಿದಳು.

ಅಕ್ಕ ನಮ್ಮ ಬೀದಿಯ ತುದಿಯಲ್ಲಿರುವ ಸಣ್ಣ ಆಸ್ಪತ್ರೆಯಲ್ಲಿ ಆಯಾ. ಅಲ್ಲಿಯ ನರ್ಸಮ್ಮನಿಗೆ ಹೇಳಿ ನಮ್ಮಿಬ್ಬರಿಗೂ ಅಲ್ಲಿ ಕೆಲಸ ಕೊಡಿಸಿದವಳೂ ಅವಳೇ. ಲಸಿಕೆ ಹಾಕಿಸಲು ಬರುವ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಅಂಗಳದ ಬಿಸಿಲಲ್ಲಿ ನಿಲ್ಲುತ್ತಿದ್ದರು. ಅವರಿಗೊಂದು ತಗಡಿನ ಶೆಡ್ಡು ಬೇಕಿತ್ತು. ನಾನು ಕಾಂಕ್ರೀಟಿನ ಕಟ್ಟೆ ಹಾಕಿ, ಗಟ್ಟಿಯಾಗುವ ತನಕ ನೀರುಣಿಸಿದೆ. ಭಾವ ಕಂಬ ನಿಲ್ಲಿಸಿ ತಗಡು ಹೊದಿಸಿದರು. ತಗಡು ಹೊದಿಸುವ ಮೊದಲು, ಗೇಟಿನ ಕಡೆಯ ಮೂಲೆಯ ಕಂಬಕ್ಕೆ ರಂಧ್ರ ಕೊರೆಯುವ ಹೊತ್ತಿಗೆ ತುಂತುರು ಹನಿಯಿತು. ಕೊರೆದ ರಂಧ್ರದ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಬೇಕು. ಇಲ್ಲದಿದ್ದರೆ ಬೋಲ್ಟು ಪುಡಿಯನ್ನು ಕಚ್ಚುತ್ತದೆ, ಕಾಂಕ್ರೀಟನ್ನಲ್ಲ. ಅಂದು ಪುಡಿ ಒದ್ದೆಯಾಗಿ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. "ಒಣಗಲಿ, ನಾಳೆ ಹಾಕಿ ಭಾವ" ಎಂದೆ. "ಊದಿದ್ದೀನಿ, ಪುಡಿಯೆಲ್ಲ ಬಂದಿದೆ" ಎಂದರು. ಆಮೇಲೆ ಸುತ್ತಿಗೆ ಹಿಡಿದು ಕಂಬದಿಂದ ಕಂಬಕ್ಕೆ ನಡೆದರು. ನಾನು ದೂರದ ನಲ್ಲಿಯ ಹತ್ತಿರ, ನೀರಿನ ಸದ್ದಿನಲ್ಲಿ, ಗಾರೆ ಮೆತ್ತುವ ಕರಣೆ ತೊಳೆಯುತ್ತಿದ್ದೆ. ಪ್ರತಿ ಸಲವೂ ತಲೆಯಾಡಿಸಿದರು. ನನಗೂ ಅಷ್ಟೇ ಸಾಕಾಗಿತ್ತು.

ಲಸಿಕೆಯ ದಿನ ನಾವಿಬ್ಬರೂ ಮತ್ತೆ ಅಲ್ಲಿಗೆ ಹೋದದ್ದು ಮಳೆನೀರಿನ ಪೈಪು ಕೂರಿಸಲು. ಏಣಿ, ಸುತ್ತಿಗೆ ಇಷ್ಟೇ ತಂದಿದ್ದೆವು. ಶೆಡ್ಡು ತುಂಬಿ ತುಳುಕುತ್ತಿತ್ತು. ಬೆಂಚುಗಳ ಮೇಲೆ ತಾಯಂದಿರು, ಮಡಿಲಲ್ಲಿ ಕೂಸುಗಳು, ಹಿಂದೆ ಗೋಡೆಗೆ ಒರಗಿದ ಅಜ್ಜಿಯರು. ಆಕಾಶ ಕಪ್ಪಾಗಿ ಗಾಳಿ ಏಳುತ್ತಿತ್ತು. ನಾನು ಗೇಟಿನ ಕಡೆಯ ಕಂಬದ ಬುಡದಲ್ಲಿ ಕೂತು ಪೈಪಿನ ಅಳತೆ ತೆಗೆಯುತ್ತಾ, ಕೈ ಸುಮ್ಮನಿರದೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ತಟ್ಟಿದೆ.

ದಬ್ ಎಂದಿತು.

ಪಕ್ಕದ ಬೋಲ್ಟಿಗೂ ತಟ್ಟಿದೆ. ಅದೂ ದಬ್. ಈಚೆಯ ಕಂಬಕ್ಕೆ ಓಡಿ ಅಲ್ಲಿ ತಟ್ಟಿದರೆ ಎರಡೂ ಬೋಲ್ಟುಗಳು ಠಣ್, ಠಣ್. ಅಂದರೆ ಗೇಟಿನ ಮೂಲೆಯ ಕಂಬ ನೆಲವನ್ನು ಹಿಡಿದಿರಲಿಲ್ಲ, ಸುಮ್ಮನೆ ನಿಂತಿತ್ತು ಅಷ್ಟೆ. ತಗಡಿನ ಕೆಳಗೆ ಗಾಳಿ ನುಗ್ಗಿದರೆ ಅದು ಚಾವಣಿಯನ್ನು ಮೇಲಕ್ಕೆತ್ತುತ್ತದೆ, ಚಾವಣಿ ಕಂಬವನ್ನು ಎಳೆಯುತ್ತದೆ. ಒಂದು ಮೂಲೆ ಕಿತ್ತರೆ ಉಳಿದದ್ದು ಕೂತವರ ಮೇಲೆಯೇ ಬರುತ್ತದೆ.

ಭಾವನನ್ನು ಕರೆತಂದು ತೋರಿಸಿದೆ. "ಇದು ದಬ್ ಅಂತಿದೆ ಭಾವ."

ಅವರು ಸುತ್ತಿಗೆ ತೆಗೆದುಕೊಂಡು ತಟ್ಟಿದರು, ತಲೆಯಾಡಿಸಿದರು. "ಸರಿಯಾಗಿದೆ."

"ಏನ್ ಸರಿಯಾಗಿದೆ? ಇನ್ನೊಂದ್ಸಲ ತಟ್ಟಿ."

ಇನ್ನೊಮ್ಮೆ ತಟ್ಟಿದರು. ದಬ್. ಬೆಂಚಿನ ಮೇಲಿದ್ದ ಒಬ್ಬ ತಾಯಿ ಕೂಡ ತಿರುಗಿ ನೋಡಿದಳು. ಭಾವ ಮಾತ್ರ, "ಠಣ್ ಅಂತಿದೆಯಲ್ಲೋ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ನಿನ್ನ ಕಾಂಕ್ರೀಟು ಬಿರುಕು ಬಿಟ್ಟಿದ್ರೆ ಅದನ್ನ ಹೇಳು, ನನ್ನ ಬೋಲ್ಟಿಗೆ ಯಾಕೆ ಬರ್ತೀಯ?" ಎಂದು ಏಣಿಯ ಕಡೆ ತಿರುಗಿ ನಡೆದರು.

ನನಗೆ ಸಿಟ್ಟು ನೆತ್ತಿಗೇರಿತು. "ಭಾವ, ನಿಲ್ಲಿ" ಎಂದೆ. ನಿಲ್ಲಲಿಲ್ಲ. "ಭಾವ, ನಿಮ್ಮ ಕಾಲ ಹತ್ರ ಹಾವು" ಎಂದು ಕೂಗಿದೆ. ಅಜ್ಜಿಯರು ಕಾಲು ಮೇಲೆತ್ತಿದರು, ಒಂದು ಕೂಸು ಅಳತೊಡಗಿತು. ಭಾವ ನಿಧಾನವಾಗಿ ಏಣಿಯನ್ನು ಗೋಡೆಗೆ ಆನಿಸುತ್ತಿದ್ದರು.

ಆಗ ಅರ್ಥವಾಯಿತು. ಸೊಕ್ಕಲ್ಲ, ಏನೂ ಅಲ್ಲ. ಈ ಮನುಷ್ಯನಿಗೆ ಕಿವಿ ಕೇಳುವುದಿಲ್ಲ. ಎದುರಿಗಿದ್ದಾಗ ನನ್ನ ತುಟಿ ನೋಡಿ ಉತ್ತರ ಕೊಡುತ್ತಿದ್ದರು ಅಷ್ಟೆ.

ಆಸ್ಪತ್ರೆಯ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತ ಅಕ್ಕನನ್ನು ನೋಡಿದೆ. ಅವಳು ನನ್ನ ಹತ್ತಿರ ಬಂದು ತೋಳು ಹಿಡಿದು ಗಟ್ಟಿಯಾಗಿ ಅದುಮಿದಳು. "ಹೇಳಬೇಡ ಕಣೋ. ನಿನ್ನ ಕಾಲಿಗೆ ಬೀಳ್ತೀನಿ. ಕೇಳಲ್ಲ ಅಂತ ಗೊತ್ತಾದ್ರೆ ಯಾರು ಕರೀತಾರೆ ಅವರನ್ನ? ಎತ್ತರದ ಮೇಲೆ ನಿಂತೋನಿಗೆ ಕೆಳಗಿಂದ ಕೂಗಿದ್ದು ಕೇಳಬೇಕು ಅಂತಾರೆ. ಇಷ್ಟು ದಿನ ನಾನೇ ಪಕ್ಕದಲ್ಲಿ ನಿಂತು ಸಂಭಾಳಿಸಿದ್ದೀನಿ."

"ಅಕ್ಕ, ಈ ಕಂಬ ಬೀಳ್ತದೆ."

"ನಿಜವಾಗ್ಲೂ?"

ನಾನು ಉತ್ತರಿಸುವ ಮೊದಲೇ ಗಾಳಿ ಬೀಸಿ ತಗಡು ಪಟಪಟ ಬಡಿಯಿತು. ಕಬ್ಬಿಣದ ಪಾದ ಕೂದಲೆಳೆಯಷ್ಟು ಎದ್ದು ಮತ್ತೆ ಕೂತಿತು. ನಾನು ಕಂಬವನ್ನು ತಬ್ಬಿ ಹಿಡಿದೆ, ನನ್ನ ಭಾರಕ್ಕೆ ನಿಲ್ಲುತ್ತದೆ ಎಂಬಂತೆ. "ಎಲ್ಲರೂ ಎದ್ದು ಒಳಗೆ ಹೋಗಿ" ಎಂದೆ.

ಸದ್ದು ಕೇಳಿ ನರ್ಸಮ್ಮ ಹೊರಗೆ ಬಂದರು. ಗದರುವುದರಲ್ಲಿ ನನ್ನನ್ನೂ ಮೀರಿಸಿದವರು. "ಒಳಗೆ ಜ್ವರದವರು ತುಂಬಿದ್ದಾರೆ. ಕೂಸುಗಳನ್ನ ಅವರ ಮಧ್ಯೆ ತುಂಬಲಾ? ಮಳೆಗೆ ನಿಲ್ಲಿಸಲಾ? ಏನಾಗಿದೆ ನಿಮಗೆ?"

"ಈ ಕಂಬ ಗಟ್ಟಿಯಿಲ್ಲ ನರ್ಸಮ್ಮ."

"ಕಟ್ಟಿದೋರು ಅವರು. ಅವರನ್ನೇ ಕೇಳ್ತೀನಿ" ಎಂದು ಭಾವನ ಎದುರು ಹೋಗಿ ನಿಂತರು. "ಮೇಸ್ತ್ರಿ, ನೀವು ಹೇಳಿ. ಇವರನ್ನ ಇಲ್ಲೇ ಕೂರಿಸಲಾ, ಎಬ್ಬಿಸಲಾ?"

ಭಾವ ಅವರ ತುಟಿಗಳನ್ನೇ ನೋಡುತ್ತಿದ್ದರು. ಎಷ್ಟು ತಿಳಿಯಿತೋ ಗೊತ್ತಿಲ್ಲ. ನಾನು ಕಂಬವನ್ನು ಬಿಡದೆ ನಿಂತದ್ದನ್ನು ನೋಡಿದರು. ನಾನು ಸುಮ್ಮಸುಮ್ಮನೆ ಜಗಳ ತೆಗೆಯುವವನು ನಿಜ, ಆದರೆ ಕಂಬ ತಬ್ಬಿಕೊಂಡು ನಿಲ್ಲುವವನಲ್ಲ ಎಂಬುದು ಅವರಿಗೂ ಗೊತ್ತಿತ್ತು. ಬಂದು ಕುಕ್ಕರಗಾಲಲ್ಲಿ ಕೂತರು. ಬೋಲ್ಟಿನ ತಲೆಗೆ ಒಂದೇಟು ಹಾಕಿದರು. ಈ ಸಲ ತಲೆಯಾಡಿಸಲಿಲ್ಲ. ಕತ್ತು ಎತ್ತಿ ಅಕ್ಕನ ಮುಖ ನೋಡಿದರು.

ಅಕ್ಕ ಅಡಕತ್ತರಿಯಲ್ಲಿ ಸಿಕ್ಕಿದಳು. ತಾನು ಠಣ್ ಅಂತಿದೆ ಎಂದು ಹೇಳಿದರೆ ಗಂಡನ ಮರ್ಯಾದೆ, ಮನೆಯ ಅನ್ನ ಎರಡೂ ಉಳಿಯುತ್ತಿದ್ದವು. ಅವಳ ಮಾತನ್ನು ಅವರು ಅನುಮಾನಿಸುತ್ತಲೂ ಇರಲಿಲ್ಲ. ನರ್ಸಮ್ಮ ಕಾಯುತ್ತಿದ್ದರು. ನನ್ನ ತೋಳಿನೊಳಗೆ ಕಂಬ ಇನ್ನೊಮ್ಮೆ ಅಲುಗಿತು. ನನಗೆ ಅಕ್ಕನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ನಾನೇ ಬಾಯಿ ಬಿಡಲು ಹೊರಟೆ.

ಅಷ್ಟರಲ್ಲಿ ಅಕ್ಕ ಬಕೆಟ್ಟು ಕೆಳಗಿಟ್ಟು, ಭಾವನಿಗೆ ಕಾಣುವ ಹಾಗೆ ಬಾಯಿ ದೊಡ್ಡದಾಗಿ ತೆರೆದು ಹೇಳಿದಳು. "ದಬ್ ಅಂತಿದೆ ರೀ."

ಭಾವ ಎದ್ದು ನಿಂತರು. "ನನಗೆ ಕಿವಿ ಕೇಳಲ್ಲ ನರ್ಸಮ್ಮ" ಎಂದರು. ಅಷ್ಟು ಜನರ ಮುಂದೆ, ತಲೆ ತಗ್ಗಿಸದೆ ಎಂದರು. "ಕೇಳದೆ ತಲೆಯಾಡಿಸಿಬಿಟ್ಟೆ. ಇವನು ಹೇಳ್ತಿರೋದೇ ನಿಜ. ಏಳಿ ಎಲ್ಲರೂ, ಏಳಿ."

ಆಮೇಲೆ ಯಾರೂ ಎರಡನೇ ಮಾತಾಡಲಿಲ್ಲ. ನರ್ಸಮ್ಮ ಜ್ವರದವರನ್ನು ಹಿಂದಿನ ಕೋಣೆಗೆ ನೂಕಿ ಜಾಗ ಮಾಡಿದರು. ಅಕ್ಕ ಕಂಕುಳಿಗೊಂದರಂತೆ ಕೂಸುಗಳನ್ನು ಎತ್ತಿಕೊಂಡು ಓಡಾಡಿದಳು. ಭಾವ ಅಜ್ಜಿಯರ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಕಂಬವನ್ನು ಬಿಟ್ಟು ಬಾ ಎಂದು ಅಕ್ಕ ನನಗೆ ಕೂಗುತ್ತಲೇ ಇದ್ದಳು. ಕೊನೆಯ ಬೆಂಚು ಖಾಲಿಯಾದ ಮೇಲೆ ನಾನು ಕೈ ಬಿಟ್ಟು ಓಡಿದೆ.

ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆನೋ ಇಲ್ಲವೋ, ಗಾಳಿ ಇಡೀ ಅಂಗಳವನ್ನು ಗುಡಿಸಿಕೊಂಡು ಬಂತು. ಎರಡು ಬೋಲ್ಟುಗಳೂ ರಂಧ್ರದಿಂದ ಬುಡಸಮೇತ ಎದ್ದವು. ಮೂಲೆಯ ಚಾವಣಿ ಮೇಲಕ್ಕೆ ಹೋಗಿ, ಮಡಚಿ, ಕಂಬದೊಂದಿಗೆ ಬೆಂಚುಗಳ ಮೇಲೆ ಅಪ್ಪಳಿಸಿತು. ಒಳಗಿದ್ದವರೆಲ್ಲ ಒಟ್ಟಿಗೇ ಹಿಂದೆ ಸರಿದರು. ಭಾವ ಅತ್ತ ಬೆನ್ನು ಮಾಡಿ ಒಬ್ಬ ಅಜ್ಜಿಗೆ ಕುರ್ಚಿ ಎಳೆದುಕೊಡುತ್ತಿದ್ದರು. ಎಲ್ಲರ ಮುಖ ನೋಡಿ ಅವರ ಕೈ ನಿಂತಿತು.

"ಬಿತ್ತಾ?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಹೌದೆಂದು ಗೋಣು ಹಾಕಿದಳು. "ಯಾರಾದ್ರೂ ಕೆಳಗೆ...?" ಎಂದು ಅವರು ಕೇಳಿದ್ದಕ್ಕೆ ಇಲ್ಲ ಎಂದು ಕೈಯಾಡಿಸಿದಳು. ಭಾವ ಬಾಗಿಲಿಗೆ ಬಂದು ನೋಡಿದರು. ಮಳೆ ಜೋರಾಯಿತು. ಕೂಸುಗಳು ಅಳುತ್ತಿದ್ದವು. ನರ್ಸಮ್ಮ ಲಸಿಕೆಯ ಪೆಟ್ಟಿಗೆ ತೆರೆದು ಮೊದಲ ತಾಯಿಯನ್ನು ಕರೆದರು.

ಭಾವ ನನ್ನ ಕಡೆ ತಿರುಗಿದರು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಮತ್ತೆ ನಿಲ್ಲಿಸೋಕೆ ಯಾರನ್ನ ಕರೀತೀಯ?" ಎಂದರು.

ನಾನು ಹೇಳಿದೆ. ತುಟಿ ಪೂರ್ತಿ ತೆರೆಯದೆ ಗೊಣಗಿದ್ದು, ಸ್ವರ ನನಗೇ ಕೇಳಲಿಲ್ಲ. ಅವರು ನನ್ನ ತುಟಿ ನೋಡುತ್ತಾ, ತಿಳಿಯದೆ, ಅಕ್ಕನ ಕಡೆ ಕಣ್ಣು ಹೊರಳಿಸಿದರು. ಅಕ್ಕನೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಾಗಾಗಿ ನಾನೇ ಅವರ ಹೆಗಲು ಹಿಡಿದು, ನನ್ನ ಕಡೆ ತಿರುಗಿಸಿಕೊಂಡು, ಆ ತಾಯಂದಿರು, ಅಜ್ಜಿಯರು, ಜ್ವರದವರು, ನರ್ಸಮ್ಮ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. "ನಿಮ್ಮನ್ನೇ ಭಾವ."