ಅಪ್ಪನ ಎದೆಗಿಳಿದ ಉಣ್ಣೆ

ಕಂಬಳಿ ನೇಯುವವರ ಮನೆಯಲ್ಲಿ ಯಾರಿಗೂ ಶೀತವಾಗಬಾರದು ಎಂಬುದು ಊರವರ ಲೆಕ್ಕ. ನಮ್ಮಪ್ಪ ಮಾತ್ರ ವರ್ಷಪೂರ್ತಿ ಕೆಮ್ಮುತ್ತಿದ್ದ.

ಮಹಾರಾಜರ ಕಾಲದ ಮಾತು. ಶಿರಾ ಸೀಮೆಯಲ್ಲಿ, ಮದಲೂರು ಕೆರೆಗೆ ಹತ್ತಿರದ ಊರು ನಮ್ಮದು. ಕುರಿಯ ಉಣ್ಣೆಯನ್ನು ಬಿಲ್ಲಿನ ಹುರಿಯಿಂದ ಮಿಡಿದು ಹಿಂಜುವುದು ಅಪ್ಪನ ಕೆಲಸ, ನೂಲುವುದು ಅವ್ವನದು, ನೇಯುವುದು ಮತ್ತೆ ಅಪ್ಪನದು. ಗಾಳಿಗೆ ಉಣ್ಣೆ ಹಾರಬಾರದೆಂದು ಹಿಂಜುವ ಕೆಲಸ ಕದ ಮುಚ್ಚಿದ ಕೋಣೆಯಲ್ಲೇ ನಡೆಯಬೇಕು. ಸಂಜೆ ಹೊರಗೆ ಬಂದ ಅಪ್ಪನ ಹುಬ್ಬು, ಮೀಸೆಯೆಲ್ಲ ಧೂಳು ಹಿಡಿದು ಬೂದಿಬಣ್ಣಕ್ಕೆ ತಿರುಗಿರುತ್ತಿತ್ತು. ಬೆಳಿಗ್ಗೆ ಅಪ್ಪನಾಗಿ ಹೋದವನು ಸಂಜೆ ತಾತನಾಗಿ ಬಂದ ಎಂದು ನಾನು ನಗುತ್ತಿದ್ದೆ.

ಕೆಮ್ಮು ಶೀತದ್ದೆಂದೇ ಎಲ್ಲರೂ ನಂಬಿದ್ದೆವು. ಹಾಗಾಗಿ ಅಪ್ಪ ಕೆಮ್ಮಿದಷ್ಟೂ ನಾವು ಆ ಕೋಣೆಯನ್ನು ಭದ್ರ ಮಾಡುತ್ತಿದ್ದೆವು. ಬೆಳಕಿಂಡಿಗೆ ಚಿಂದಿ ತುರುಕಿದೆವು, ಬಾಗಿಲಿಗೆ ಕಂಬಳಿ ಇಳಿಬಿಟ್ಟೆವು. ಅದನ್ನೆಲ್ಲ ತುಂಬು ಪ್ರೀತಿಯಿಂದಲೇ ಮಾಡಿದೆವು.

ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಅಪ್ಪ ಅಲ್ಲಲ್ಲಿ ಕೂರುವಂತಾದಾಗ ಅವ್ವ ಹೆದರಿದಳು. ಗಾಡಿ ಕಟ್ಟಿಸಿ ನಮ್ಮಿಬ್ಬರನ್ನೂ ಸಿದ್ದರಬೆಟ್ಟದ ತಪ್ಪಲಿನಲ್ಲಿದ್ದ ನನ್ನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದಳು. ಆ ಬೆಟ್ಟದಲ್ಲಿ ಸಿಗದ ಮದ್ದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅತ್ತೆ ಯಾವುದೋ ಬೇರು ಕುಟ್ಟಿ ಕಷಾಯ ಕುಡಿಸಿದಳು. ತಿಂಗಳು ಕಳೆಯುವಷ್ಟರಲ್ಲಿ ಅಪ್ಪ ಬೆಟ್ಟ ಹತ್ತಿ ಇಳಿದು ಬಂದ.

ಬೇರಿನ ಗಂಟು ಹೊತ್ತು ಊರಿಗೆ ಮರಳಿದೆವು. ನಮ್ಮ ಕುರಿಗಳ ಉಣ್ಣೆ ಕತ್ತರಿಸುವ ಕಾಲ ಇನ್ನೂ ಬಂದಿರಲಿಲ್ಲ, ಬಿಲ್ಲಿಗೆ ಕೆಲಸವಿರಲಿಲ್ಲ. ತಂದ ಬೇರೆಲ್ಲ ಮುಗಿದರೂ ಅಪ್ಪ ಕೆಮ್ಮಲಿಲ್ಲ. ಆಮೇಲೆ ಮನೆಗೆ ಉಣ್ಣೆ ಬಂತು. ಬಿಲ್ಲು ಹಿಡಿದ ದಿನವೇ ಕೆಮ್ಮೂ ಹಾಜರಾಯಿತು. ಅತ್ತೆ ಮತ್ತೆ ಬೇರು ಕಳಿಸಿದಳು, ಈ ಸಲ ಅದರಿಂದ ಗುಣವಾಗಲಿಲ್ಲ. ಬೆಟ್ಟ ಇಳಿದ ಮೇಲೆ ಬೇರಿಗೆ ಮಹಿಮೆಯಿಲ್ಲ ಎಂದು ಊರವರು ತೀರ್ಪು ಕೊಟ್ಟರು.

ಅವ್ವ ಆ ತೀರ್ಪು ಒಪ್ಪಲಿಲ್ಲ. "ಬೇರು ಮುಗ್ದಾಗ ಕೆಮ್ಮು ಬರ್ಲಿಲ್ಲ, ಉಣ್ಣೆ ಬಂದಾಗ ಬಂತು. ಬಿಲ್ಲು ನಂಗ್ ಕೊಟ್ಬುಡು. ನೀನು ಕುರಿ ಹಿಂದೆ ಬಯಲಿಗೆ ಹೋಗು," ಅಂದಳು.

"ಹೆಂಗ್ಸು ಬಿಲ್ಲು ಮಿಡಿದ್ರೆ ಊರೋರು ಏನಂದಾರು?"

"ಊರೋರು ಬಂದು ನಿನ್ ಕೆಮ್ಮು ಕೆಮ್ತಾರಾ?"

ಅಪ್ಪ ಬಿಲ್ಲನ್ನು ಅವ್ವನ ಕೈಗೆ ಕೊಟ್ಟ. ಮಾರನೆಯ ದಿನದಿಂದ ಕುರಿ ಹೊಡೆದುಕೊಂಡು ಹೊರಟ. ಬಯಲ ಗಾಳಿಗೆ ಅವನ ಉಸಿರು ಹಗುರಾಯಿತು, ಮುಖಕ್ಕೆ ಕಳೆ ಬಂತು. ನನಗೆ ಹಬ್ಬವಾದಂತಾಗಿತ್ತು.

ಒಂದು ಮಧ್ಯಾಹ್ನ ಅಪ್ಪ ಹೊತ್ತಿಗೆ ಮುಂಚೆ ಬಂದು ಕೋಣೆಯ ಬಾಗಿಲ ಕಂಬಳಿ ಎತ್ತಿದ. ನಾನೂ ಹಿಂದೆಯೇ ನಿಂತಿದ್ದೆ. ಅವ್ವ ಬಿಲ್ಲು ಪಕ್ಕಕ್ಕಿಟ್ಟು, ಹೊರಗೆ ಕೇಳಿಸದ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಅಪ್ಪ ಅವಳ ಎದುರು ಕೂತು ಅವಳ ಹುಬ್ಬಿಗೆ ಹತ್ತಿದ್ದ ಉಣ್ಣೆಯನ್ನು ನಿಧಾನವಾಗಿ ಬಿಡಿಸಿದ. ಆಮೇಲೆ ಬಿಲ್ಲು ತೆಗೆದುಕೊಂಡ.

"ಅರ್ಧ ದಿನ ನೀನು, ಅರ್ಧ ದಿನ ನಾನು," ಎಂದು ಅವ್ವ ಚೌಕಾಸಿಗಿಳಿದಳು.

"ಕೆಮ್ಮು ಮನೇಲಿ ಒಬ್ರಿಗೆ ಸಾಕು ಕಣೇ," ಅಂದ ಅಪ್ಪ.

ಅವ್ವನೂ ಸೋಲುವವಳಲ್ಲ. ಬೆಳಕಿಂಡಿಯ ಚಿಂದಿ ಕಿತ್ತೆಸೆದಳು. ಗಾಳಿಯಿಲ್ಲದ ಬೆಳಿಗ್ಗೆಗಳಲ್ಲಿ ಅಪ್ಪನನ್ನು ಹೊಂಗೆ ಮರದ ಕೆಳಗೆ ಕೂರಿಸಿದಳು. ಹೇಳದೆ ಕೇಳದೆ ಗಾಳಿ ಎದ್ದರೆ ಉಣ್ಣೆ ಬೇಲಿಯ ಮೇಲೆಲ್ಲ ಹಾರುತ್ತಿತ್ತು. ಅವ್ವ ಮಂಕರಿ ಹಿಡಿದು ಗಾಳಿಯ ವಂಶವನ್ನೆಲ್ಲ ಬೈಯುತ್ತ ಅದರ ಹಿಂದೆ ಓಡುತ್ತಿದ್ದಳು. ಅಪ್ಪ ನಗುತ್ತಿದ್ದ, ನಕ್ಕು ನಕ್ಕು ಕೆಮ್ಮುತ್ತಿದ್ದ. ಅವರಿಬ್ಬರನ್ನೂ ನಾನು ಅಷ್ಟು ಪ್ರೀತಿಸಿದ್ದು ಆ ಮರದ ಕೆಳಗೇ.

ಅಪ್ಪನಿಗೆ ಕೆಲವು ವರ್ಷ ಆಯಸ್ಸು ಕೂಡಿತು. ಆದರೆ ಅದಕ್ಕೂ ಮುಂಚೆ ಎದೆಗಿಳಿದಿದ್ದ ಉಣ್ಣೆ ಹೊರಗೆ ಬರಲಿಲ್ಲ. ನನ್ನ ಮದುವೆಯಾದ ಮೇಲೆ, ಒಂದು ಆಷಾಢದಲ್ಲಿ ಅದೇ ಕೆಮ್ಮಿನಲ್ಲಿ ಹೋದ. ಅವ್ವನ ಉಸಿರಿಗೆ ಯಾವ ತೊಂದರೆಯೂ ಇರಲಿಲ್ಲ.

ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದು ನೆಂಟರೆಲ್ಲ ಹೊರಟ ಮೇಲೆ ಅವ್ವ ನನ್ನ ಪಕ್ಕ ಬಂದು ಕೂತಳು. ಅವಳ ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

"ಇರೋದೊಂದೇ ಮುದ್ದೆಯಾದ್ರೂ ಮುರ್ದು ಅರ್ಧ ಕೊಡ್ತಿದ್ದ ಮನುಷ್ಯ ಕಣಮ್ಮ," ಅಂದಳು. "ಇದೊಂದ್ರಾಗೆ ನಂಗೆ ಪಾಲು ಕೊಡ್ಲಿಲ್ಲ."