ಬೇಡ ಎನ್ನಲು ಬಾರದ ತಾಯಕ್ಕ

ತುಂಬಿದ ಬಸ್ಸಿನೊಳಗೆ ತಾಯಕ್ಕ ಬರುವುದನ್ನು ನೋಡಿದರೆ ಕಾವೇರಿಯಲ್ಲಿ ಹರಿಗೋಲು ಬರುವ ನೆನಪಾಗುತ್ತಿತ್ತು. ಹರಿಗೋಲು ನೇರವಾಗಿ ಬರುವುದಿಲ್ಲ. ವಸಿ ಎಡಕ್ಕೆ ತಿರುಗಿ, ವಸಿ ಬಲಕ್ಕೆ ವಾಲಿ, ನೀರು ಬಿಟ್ಟಷ್ಟು ಜಾಗದಲ್ಲಿ ಸುತ್ತುತ್ತ ಬಂದು ದಡ ಮುಟ್ಟುತ್ತದೆ. ತಾಯಕ್ಕ ಹಾಗೆಯೇ ಬರುತ್ತಿದ್ದರು. ದೊಡ್ಡ ಮೈ, ಅದರ ಮೇಲೆ ಖಾಕಿ ಕೋಟು, ಬಗಲಲ್ಲಿ ಚರ್ಮದ ಬ್ಯಾಗು. ಜನ ಅವರ ಸುತ್ತ ಹರಿದು, ಅವರು ದಾಟಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಿದ್ದರು. ನಿಂತೇ ತೂಕಡಿಸುವವರ ತಲೆ ಅವರ ಹೆಗಲಿಗೆ ತಾಗಿದರೆ ಎಬ್ಬಿಸುತ್ತಿರಲಿಲ್ಲ. ಆ ತಲೆಗೆ ಹೆಗಲು ಕೊಟ್ಟುಕೊಂಡೇ ಪಕ್ಕದವರಿಗೆ ಟಿಕೆಟ್ ಹರಿಯುತ್ತಿದ್ದರು.

ಪೂರ್ತಿ ಹೆಸರು ಪುಟ್ಟತಾಯಮ್ಮ. ಕೆ.ಆರ್. ಪೇಟೆಯವರು. ಶ್ರೀರಂಗಪಟ್ಟಣದಿಂದ ಪಾಂಡವಪುರ, ಜಕ್ಕನಹಳ್ಳಿ ದಾಟಿ ನಾಗಮಂಗಲಕ್ಕೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ನಾನು ಆ ಹೊತ್ತಿಗೆ ನಾಗಮಂಗಲದಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ, ಮನೆ ಶ್ರೀರಂಗಪಟ್ಟಣದಲ್ಲಿತ್ತು. ದಿನವೂ ಅವರದೇ ಬಸ್ಸು. ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ. ಪೇಪರಪ್ಪ ಎನ್ನುತ್ತಿದ್ದರು.

ಚಳಿಗಾಲದ ಬೆಳಿಗ್ಗೆ ಆ ದಾರಿ ನಿಜವೋ ಕನಸೋ ಎಂದು ಹೇಳುವುದು ಕಷ್ಟ. ಗದ್ದೆಯ ಮೇಲೆ ಮಂಜು, ಮಂಜಿನ ಮೇಲೆ ಸೂಲಂಗಿ ಬಿಟ್ಟ ಕಬ್ಬಿನ ಬೆಳ್ಳನೆಯ ತುದಿಗಳು, ಎಲ್ಲೋ ಒಂದು ಆಲೆಮನೆಯಿಂದ ಬರುವ ಬೆಲ್ಲದ ವಾಸನೆ. ಬಸ್ಸು ನಿಂತಾಗ ಮಂಜಿನೊಳಗಿಂದ ಮೊದಲು ಒಂದು ಕೈ ಕಾಣುತ್ತಿತ್ತು. ಆ ಕೈಯಲ್ಲಿ ಒಂದು ಡಬ್ಬ ಇರುತ್ತಿತ್ತು. ಆಮೇಲೆ ಮನುಷ್ಯರು.

ಡಬ್ಬ ತಾಯಕ್ಕನಿಗೆ. ಇದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿರಲಿಲ್ಲ. ಪಾಂಡವಪುರದ ಆಲೆಮನೆಯವರು ಕಬ್ಬಿನ ಗರಿಯಲ್ಲಿ ಬಿಸಿ ಬೆಲ್ಲ ಕೊಡುತ್ತಿದ್ದರು. ಮೇಲುಕೋಟೆಯಿಂದ ಜಕ್ಕನಹಳ್ಳಿಗೆ ಇಳಿದು ಬರುವ ಮೇಷ್ಟರು ಪುಳಿಯೋಗರೆ ತರುತ್ತಿದ್ದರು. ಬೆಣ್ಣೆ ಮಾರಲು ನಾಗಮಂಗಲಕ್ಕೆ ಹೋಗುವ ಸಣ್ಣಮ್ಮ ಎಂಬ ಮುದುಕಿ ಮುದ್ದೆಗೆ ಹಾಕಿಕೊಳ್ಳಲು ಇರಲಿ ಎಂದು ಒಂದು ಉಂಡೆ ಬೆಣ್ಣೆ ಎಲೆಯಲ್ಲಿ ಸುತ್ತಿ ಅವರ ಬ್ಯಾಗಿನ ಪಕ್ಕ ಇಡುತ್ತಿದ್ದಳು. ಹಬ್ಬವಾದರೆ ಒಬ್ಬಟ್ಟು, ಮದುವೆಯಾದರೆ ಕಜ್ಜಾಯ, ಬೀಗರ ಊಟವಾದರೆ ಕ್ಯಾರಿಯರ್ ತುಂಬ ಮಾಂಸದ ಸಾರು. ಡ್ರೈವರ್ ಮುನೀರ್ ಶ್ರೀರಂಗಪಟ್ಟಣದವನು, ರಂಜಾನ್ ಬಂದರೆ ಅವನ ಮನೆಯ ಬಿರಿಯಾನಿ. ತಾಯಕ್ಕ ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದರು, ಕೊಟ್ಟವರು ನೋಡುತ್ತಿರುವಾಗಲೇ ತಿನ್ನುತ್ತಿದ್ದರು. ಅವರ ಮೈ ಆ ದಾರಿಯುದ್ದದ ಅಡುಗೆಮನೆಗಳು ಸೇರಿ ಬೆಳೆಸಿದ ಮೈ.

ನಾನು ಪತ್ರಿಕೆಯವನಾದ್ದರಿಂದ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತಾಯಕ್ಕನಿಗೆ ಅದು ತಮಾಷೆ. ಬೇಡ ಎಂದು ಹೇಗೆ ಹೇಳುತ್ತೀಯ, ನಾಲಿಗೆ ಹೊರಳುತ್ತದಾ ಎಂದು ಕೇಳುತ್ತಿದ್ದರು. ನೀವೇಕೆ ಹೇಳುವುದಿಲ್ಲ ಎಂದು ನಾನು ಒಂದು ಸಲ ಕೇಳಿದೆ. ಖಾಲಿ ಬಸ್ಸು, ಹೊರಗೆ ಸಂಜೆ. ಅವರು ಕಿಟಕಿಯ ಆಚೆ ನೋಡುತ್ತ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಾಚೆಯ ಕೇರಿಯ ಹೆಂಗಸೊಬ್ಬಳು ಅವರೆಕಾಳಿನ ಉಪ್ಪಿಟ್ಟು ತಂದುಕೊಟ್ಟಳು. ಆಗಷ್ಟೇ ಉಂಡಿದ್ದರಿಂದ ತಾಯಕ್ಕ ಬೇಡ ಎಂದರು.

"ಒಟ್ಟೆ ತುಂಬಿತ್ತು ಕಣಪ್ಪ, ಅದುಕ್ ಬ್ಯಾಡ ಅಂದೆ. ಆಯಮ್ಮ ಅಂಗೆ ತಿಳ್ಕಳ್ನಿಲ್ಲ. ಸೆರಗಲ್ಲಿ ಡಬ್ಬ ಮುಚ್ಕಂಡು ಸುಮ್ನೆ ಕುಂತ್ಕಂಡ್ಳು. ಇನ್ನೊಂದ್ ದಪ ನನ್ ಬಸ್ ಅತ್ನಿಲ್ಲ. ಹಿಂದ್ಗಡೆ ಬಸ್ಗೆ ಕಾಯ್ಕಂಡ್ ನಿಂತಿರಳು. ನಂಗೆ ಕಾಣದು."

ಆ ದಿನದಿಂದ ಅವರು ಯಾರ ಡಬ್ಬವನ್ನೂ ಬೇಡವೆನ್ನಲಿಲ್ಲ.

ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ ಎಂದಾದ ಮೇಲೆ ಬಸ್ಸು ಇನ್ನೂ ತುಂಬಿತು. ಹರಿಗೋಲು ನಡೆಯಲು ನೀರೇ ಉಳಿಯಲಿಲ್ಲ. ತಾಯಕ್ಕನ ಮಂಡಿ ಆಗಲೇ ನೋಯುತ್ತಿತ್ತು, ಹಿಂದಿನ ಸೀಟಿನವರೆಗೆ ಹೋಗಿ ಬರುವಷ್ಟರಲ್ಲಿ ಸ್ಟಾಪು ದಾಟಿರುತ್ತಿತ್ತು. ಒಂದು ಬೆಳಿಗ್ಗೆ ತಪಾಸಣೆಯವರು ಹತ್ತಿದಾಗ ಹಿಂದೆ ನಿಂತಿದ್ದ ಕೆಲವರ ಬಳಿ ಟಿಕೆಟ್ ಇರಲಿಲ್ಲ. ತಾಯಕ್ಕನಿಗೆ ಮೆಮೊ ಬಂತು. ಡಿಪೋದ ಸಾಹೇಬರು ಕೆಟ್ಟವರಲ್ಲ. ಕೂರಿಸಿಕೊಂಡು ಹೇಳಿದರಂತೆ: ಮೈ ಇಳಿಸಿ ಅಮ್ಮಾ, ಇಲ್ಲದಿದ್ದರೆ ನಿಮ್ಮನ್ನು ಲೈನಿನಿಂದ ತೆಗೆದು ಪಾಸ್ ಕೌಂಟರಿನಲ್ಲಿ ಕೂರಿಸಬೇಕಾಗುತ್ತದೆ.

ಬೇರೆಯವರಾಗಿದ್ದರೆ ಕೂತು ಮಾಡುವ ಕೆಲಸ ಸಿಕ್ಕಿತೆಂದು ಖುಷಿಪಡುತ್ತಿದ್ದರೇನೋ. ತಾಯಕ್ಕ ಆ ವಾರವೆಲ್ಲ ವಿಷಲ್ ಊದುವುದನ್ನೂ ಮರೆತು, ಬಾಗಿಲಿನ ಕಂಬಿ ಹಿಡಿದು ಹೊರಗೆ ನೋಡುತ್ತ ನಿಂತಿರುತ್ತಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ಗಂಡನ ಮನೆಯಲ್ಲಿದ್ದಳು. ಉಳಿದಿದ್ದೆಲ್ಲ ಈ ದಾರಿ.

ಕೆ.ಆರ್. ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಅವರಿಗೆ ಮೈ ಇಳಿಸುವ ಒಂದು ಮಾತ್ರೆ ಸಿಕ್ಕಿತು. ಡಾಕ್ಟರ ಚೀಟಿ ಬೇಕಿಲ್ಲ, ಊಟದ ಹೊತ್ತಿಗೆ ಒಂದು ನುಂಗಿದರೆ ತಿಂದ ಜಿಡ್ಡು ಮೈಗೆ ಹತ್ತದೆ ಹೊರಟುಹೋಗುತ್ತದೆ ಎಂದು ಅಂಗಡಿಯವನು ಹೇಳಿದನಂತೆ. ಹೇಗೆ ಹೊರಟುಹೋಗುತ್ತದೆ ಎಂದು ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ತಾಯಕ್ಕನಿಗೆ ಮೆಚ್ಚುಗೆಯಾದದ್ದು ಒಂದೇ ಮಾತು. ತಿನ್ನುವುದನ್ನು ನಿಲ್ಲಿಸಬೇಕಾಗಿಲ್ಲ. ಅಂದರೆ ಯಾರ ಡಬ್ಬವನ್ನೂ ಬೇಡ ಎನ್ನಬೇಕಾಗಿಲ್ಲ.

ನನಗೆ ಮಾತ್ರೆಯ ಹಾಳೆ ತೋರಿಸಿ ಓದಿ ಹೇಳು ಎಂದರು. ನಾನು ಹೆಸರು ಬರೆದುಕೊಂಡು ಶ್ರೀರಂಗಪಟ್ಟಣದಲ್ಲಿ ಪರಿಚಯದ ವೈದ್ಯೆಯೊಬ್ಬರನ್ನು ಕೇಳಿದೆ. ಅವರು ಹೇಳಿದ್ದು ಹೀಗೆ: ಈ ಮಾತ್ರೆ ಊಟದ ಜಿಡ್ಡಿನಲ್ಲಿ ಒಂದು ಭಾಗವನ್ನು ಮೈ ಹೀರದಂತೆ ತಡೆಯುತ್ತದೆ. ಜಿಡ್ಡು ಕಡಿಮೆ ತಿಂದು, ಊಟದ ಮೇಲೆ ಹಿಡಿತ ಇಟ್ಟುಕೊಂಡವರಿಗೆ ತೂಕ ಸ್ವಲ್ಪ ಇಳಿಯಬಹುದು. ಮೊದಲಿನಂತೆಯೇ ತಿನ್ನುವವರಿಗೆ ತೂಕಕ್ಕಿಂತ ಮೊದಲು ಹೊಟ್ಟೆ ಕೆಡುತ್ತದೆ. ಮಾತ್ರೆ ಬಿಟ್ಟು ಹಳೆಯ ಊಟಕ್ಕೆ ಮರಳಿದರೆ ಇಳಿದದ್ದು ಮತ್ತೆ ಬರುತ್ತದೆ. ಇನ್ನು ಗಿಡಮೂಲಿಕೆ ಎಂದು ಮಾರುವ ಕೆಲವು ಪುಡಿ, ಗುಳಿಗೆಗಳಲ್ಲಿ ಏನಿದೆಯೆಂದೇ ತಿಳಿಯದು, ಅವುಗಳ ತಂಟೆಗೆ ಹೋಗುವುದೇ ಬೇಡ. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂದ ಮಾತ್ರಕ್ಕೆ ಕೇಳದೆ ನುಂಗಬಾರದು, ಒಮ್ಮೆ ಕರೆದುಕೊಂಡು ಬನ್ನಿ ಎಂದರು.

ಮರುದಿನ ನಾನು ಇದನ್ನೆಲ್ಲ ಕೂಡಿಸದೆ ಕಳೆಯದೆ ತಾಯಕ್ಕನಿಗೆ ಒಪ್ಪಿಸಿದೆ. ಅವರು ಕೊನೆಯವರೆಗೆ ಕೇಳಿದರು.

"ಕಮ್ಮಿ ತಿನ್ಬೇಕು ಅನ್ನದು ನಂಗೂ ಗೊತ್ತದೆ ಪೇಪರಪ್ಪ. ಬ್ಯಾಡ ಅನ್ನಕ್ಕೆ ಬರಕಿಲ್ಲ. ಬ್ಯಾಡ ಅನ್ನಕ್ಕೆ ಒಂದ್ ಮಾತ್ರೆ ಅದಾ ಕೇಳು ನಿನ್ ಡಾಕ್ಟ್ರಮ್ಮನ್ನ."

ಮಾತ್ರೆ ಮುಂದುವರಿಯಿತು.

ಬೀಗರ ಊಟವೊಂದರ ಮಾರನೆಯ ದಿನ ನಾಗಮಂಗಲ ನಿಲ್ದಾಣದಲ್ಲಿ ಯಾರೋ ಕ್ಯಾರಿಯರ್ ತಂದುಕೊಟ್ಟರು. ತಾಯಕ್ಕ ಮಾತ್ರೆ ನುಂಗಿ, ಬೆಣ್ಣೆ ಹಾಕಿದ ಮುದ್ದೆಯನ್ನು ಕೊಬ್ಬು ತೇಲುವ ಸಾರಿನಲ್ಲಿ ಅದ್ದಿ ಉಂಡರು. ಬಸ್ಸು ವಾಪಸು ಹೊರಟಿತು. ಜಕ್ಕನಹಳ್ಳಿ ದಾಟಿ ಸ್ವಲ್ಪ ಹೊತ್ತಿಗೆ ಅವರ ಮುಖ ಬಿಳಿಚಿಕೊಂಡಿತು. ಪಾಂಡವಪುರ ಇನ್ನೂ ದೂರವಿತ್ತು. ನಾಲೆಯ ಏರಿಯ ಮೇಲೆ, ಸ್ಟಾಪೇ ಇಲ್ಲದ ಜಾಗದಲ್ಲಿ ವಿಷಲ್ ಕೇಳಿಸಿತು. ಮುನೀರ್ ಕನ್ನಡಿಯಲ್ಲಿ ಅವರ ಮುಖ ನೋಡಿದ. ಎಂಜಿನ್ ಆಫ್ ಮಾಡಿ, ಟೈರು ನೋಡ್ಬೇಕು, ಎಲ್ಲಾ ಇಳ್ಕಳಿ ಎಂದ.

ಟೈರಿಗೆ ಏನೂ ಆಗಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಗಂಡಸರು ನಾಲೆಯ ಕಡೆ ಇಳಿದರು, ಹೆಂಗಸರು ಕಬ್ಬಿನ ಗದ್ದೆಯ ಕಡೆ. ಹೆಂಗಸರು ತಾಯಕ್ಕನನ್ನು ನಡುವೆ ಬಿಟ್ಟುಕೊಂಡು ಗದ್ದೆಗೆ ಇಳಿದು, ಸೆರಗು ಬಿಚ್ಚಿ ಅಡ್ಡ ಹಿಡಿದರು. ಸಣ್ಣಮ್ಮ ಬೆಣ್ಣೆ ಮಾರಿ ಬರಿದಾಗಿದ್ದ ಪಾತ್ರೆ ಹಿಡಿದು ನೀರು ತರಲು ನಾಲೆಗೆ ಬಂದಳು. ನಾವು ಗಂಡಸರು ಸಾಲಾಗಿ ನಿಂತು ನೀರನ್ನು ನೋಡುತ್ತಿದ್ದೆವು. ಕಾಲೇಜಿನ ಹುಡುಗನೊಬ್ಬ ಕಿಸಕ್ಕೆಂದ. ಪಕ್ಕದಲ್ಲಿದ್ದ ಯಜಮಾನರು ಅವನ ಕಡೆ ತಿರುಗದೆಯೇ, "ಸುಮ್ನೆ ನೀರ್ ನೋಡ್ಲಾ," ಎಂದರು. ಅವನೂ ನೋಡಿದ. ಮಧ್ಯಾಹ್ನದ ಬಿಸಿಲು ನಾಲೆಯ ಮೇಲೆ ಜಾರುತ್ತಿತ್ತು. ಗಾಳಿಗೆ ಕಬ್ಬಿನ ಸೂಲಂಗಿ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿತ್ತು. ಒಂದು ಬಸ್ಸಿನಷ್ಟು ಜನ ಎಷ್ಟು ನಿಶ್ಶಬ್ದವಾಗಿ ನಿಲ್ಲಬಲ್ಲರೆಂದು ನಾನು ನೋಡಿದ್ದು ಅಲ್ಲಿಯೇ.

ಬಸ್ಸು ಮತ್ತೆ ಹೊರಟ ಮೇಲೆ ತಾಯಕ್ಕ ಮುಂದಿನ ಸೀಟಿನಲ್ಲಿ ಸಣ್ಣಮ್ಮನ ಪಕ್ಕ ಕೂತರು. ಮಾತ್ರೆಯ ವಿಷಯವನ್ನು ಮೆಲ್ಲಗೆ ಹೇಳಿದರು. ಸಣ್ಣಮ್ಮನಿಗೆ ಅದನ್ನು ಅರ್ಥ ಮಾಡಿಕೊಳ್ಳಲು ಕೊಂಚ ಹೊತ್ತು ಬೇಕಾಯಿತು.

"ಅಲ್ಲ ಕಣವ್ವ, ನಾವ್ ಕೊಟ್ಟಿದ್ದ ಇಂಗ್ ಕಳ್ಕಳಕ್ಕೆ ಅಂಗ್ಡೀಗ್ ಬೇರೆ ಕಾಸ್ ಕೊಟ್ಟಿದ್ದಾ?" ಎಂದಳು. ಬೈದದ್ದಲ್ಲ. ನಿಜವಾಗಿಯೂ ಕೇಳಿದ್ದು.

ತಾಯಕ್ಕ ಪಾಂಡವಪುರ ಬರುವವರೆಗೆ ಸಣ್ಣಮ್ಮನ ಕೈ ಹಿಡಿದುಕೊಂಡೇ ಇದ್ದರು. ಮಾತ್ರೆಯನ್ನು ಆಮೇಲೆ ಮುಟ್ಟಲಿಲ್ಲ.

ಮುಂದಿನ ದಿನಗಳಲ್ಲಿ ಒಂದು ಹೊಸ ಪದ್ಧತಿ ಕಂಡಿತು. ಡಬ್ಬ ಬಂದರೆ ತಾಯಕ್ಕ ತೆಗೆದುಕೊಳ್ಳುತ್ತಿದ್ದರು. ಕೊಟ್ಟವರ ಎದುರಿಗೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಡಬ್ಬವನ್ನು ಹಿಂದಿನವರ ಕೈಗೆ ಕೊಟ್ಟು, ಟಿಕೆಟ್ ಕೊಡುವ ದನಿಯಲ್ಲಿಯೇ, "ವಸಿ ತಿನ್ನಿ, ಮುಂದುಕ್ ಕೊಡಿ. ಯಾರ್ ಮನೇದು ಅಂತ ಕೇಳಂಗಿಲ್ಲ," ಎನ್ನುತ್ತಿದ್ದರು. ಡಬ್ಬ ಕೈಯಿಂದ ಕೈಗೆ ಹೋಗುತ್ತಿತ್ತು. ತಾಯಕ್ಕನಿಗೆ ನಡೆಯಲಾಗದ ಜಾಗಕ್ಕೆಲ್ಲ ಅದು ಹೋಗುತ್ತಿತ್ತು. ಅದರ ಹಿಂದೆಯೇ ಟಿಕೆಟ್ಟುಗಳೂ ಹೋಗತೊಡಗಿದವು.

ನೀರು ನೋಡು ಎಂದಿದ್ದ ಯಜಮಾನರು ಒಂದು ಸಲ ಕಜ್ಜಾಯ ಕೈಯಲ್ಲಿ ಹಿಡಿದುಕೊಂಡು, ಯಾರ ಮನೇದವ್ವ ಇದು ಎಂದು ಕೇಳಿಯೇಬಿಟ್ಟರು.

"ಬಸ್ಸಿಂದು ಗೌಡ್ರೆ," ಎಂದರು ತಾಯಕ್ಕ. "ತಿನ್ನಂಗಿದ್ರೆ ತಿನ್ನಿ. ಇಲ್ದಿದ್ರೆ ಹಿಂದ್ಗಡೆಯೋರು ಕಾಯ್ತಾವ್ರೆ."

ಬಸ್ಸು ಒಂದು ಸೇತುವೆ ಹತ್ತಿ ಇಳಿಯಿತು. ಗೌಡರು ಕಜ್ಜಾಯ ನೋಡಿದರು, ಹಿಂದೆ ಕಾಯುತ್ತಿದ್ದವರನ್ನು ನೋಡಿದರು. ಆಮೇಲೆ ತಿಂದರು. ತಿಂದು, ಬೆಲ್ಲ ವಸಿ ಜಾಸ್ತಿ ಎಂದರು.

ಇದರಿಂದ ತಾಯಕ್ಕನ ಮೈ ಇಳಿಯಿತೇ ಎಂದು ಕೇಳಿದರೆ, ಕೋಟಿನ ಗುಂಡಿ ಹಾಕುವಾಗ ಮೊದಲಿನಷ್ಟು ಉಸಿರು ಬಿಗಿಹಿಡಿಯುತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಮಂಡಿ ಮಾತ್ರ ಮಾತು ಕೇಳಲಿಲ್ಲ. ಮಳೆಗಾಲದ ಹೊತ್ತಿಗೆ ಪಾಸ್ ಕೌಂಟರಿಗೆ ಹೋಗುವ ಆದೇಶ ಬಂತು. ಕೊನೆಯ ದಿನ ಅವರು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಬಾಗಿಲಲ್ಲಿ ಹೊಸ ಕಂಡಕ್ಟರ್ ನಿಂತಿದ್ದ. ಸಪೂರ ಮೈಯವನು, ಬಾಣದಂತೆ ಹಿಂದಿನ ಸೀಟಿಗೆ ಹೋಗಿ ಬರುತ್ತಿದ್ದ. ಸಣ್ಣಮ್ಮ ಎಲೆಯಲ್ಲಿ ಸುತ್ತಿದ ಬೆಣ್ಣೆಯನ್ನು ಕೈಯಲ್ಲಿ ಹಿಡಿದು ನಾಗಮಂಗಲದವರೆಗೆ ಕೂತಿದ್ದಳು.

ವರದಿಯೊಂದರ ಸಲುವಾಗಿ ಕೆ.ಆರ್. ಪೇಟೆಗೆ ಹೋದ ದಿನ ನಾನು ತಾಯಕ್ಕನನ್ನು ಕಂಡೆ. ಅದೇ ಕೊನೆಯ ಭೇಟಿ. ಆಮೇಲೆ ನಿವೃತ್ತಿಯಾಗಿ ಮಗಳ ಊರಿಗೆ ಹೋದರೆಂದು ಕೇಳಿದೆ. ಆ ದಿನ ಜಕ್ಕನಹಳ್ಳಿಯವರೆಗೆ ಹಳೆಯ ಬಸ್ಸಿನಲ್ಲೇ ಬಂದಿದ್ದೆ. ಇಳಿಯುವಾಗ ಸಣ್ಣಮ್ಮ ನನ್ನ ಕೈಗೆ ಒಂದು ಡಬ್ಬ ಇಟ್ಟಿದ್ದಳು. ಬೇಡ ಎನ್ನಲು ಬಾಯಿ ತೆರೆದವನು ಡಬ್ಬ ಹಿಡಿದುಕೊಂಡೇ ಇಳಿದಿದ್ದೆ.

ನಿಲ್ದಾಣದ ಮೂಲೆಯಲ್ಲಿ ಪಾಸ್ ಕೌಂಟರು. ಕಬ್ಬಿಣದ ಜಾಲರಿ, ಅದರ ಕೆಳಗೆ ಕೈ ತೂರುವಷ್ಟು ಕಿಂಡಿ. ಒಳಗೆ ತಾಯಕ್ಕ. ನಾನು ಮೊದಲು ಗುರುತು ಹಿಡಿಯಲಿಲ್ಲ. ಖಾಕಿ ಕೋಟು ಹೆಗಲಿನಿಂದ ಜಾರುವಂತಿತ್ತು. ಇಳಿದುಬಿಟ್ಟಿದ್ದೀರಲ್ಲ ಎಂದೆ.

"ಇಲ್ಲಿ ಯಾರೂ ಏನೂ ಕೊಡಕಿಲ್ಲ ಕಣಪ್ಪ," ಎಂದರು. "ಫೋಟೋ ಕೊಡ್ತಾರೆ, ಪಾಸ್ ಈಸ್ಕತಾರೆ, ಓಯ್ತಾರೆ. ತಾನಾಗೇ ಇಳೀತು. ಮಾತ್ರೆ ಬ್ಯಾಡ, ಏನೂ ಬ್ಯಾಡ."

ನಾನು ಚಾಚಿದ ಸಣ್ಣಮ್ಮನ ಡಬ್ಬ ಕಿಂಡಿಯಲ್ಲಿ ಹಿಡಿಸಲಿಲ್ಲ. ಅವರು ಪಕ್ಕದ ಬಾಗಿಲು ತೆರೆದು ಹೊರಗೆ ಬಂದು ತೆಗೆದುಕೊಂಡರು. ಮುಚ್ಚಳ ತೆರೆದು ಕಜ್ಜಾಯದ ವಾಸನೆಗೆ ಕಣ್ಣು ಮುಚ್ಚಿದರು. ಯಾರ ಮನೆಯದೆಂದು ಕೇಳಲಿಲ್ಲ. ಒಂದು ಚೂರು ಮುರಿದು ತಿಂದು, ಒಂದನ್ನು ನನಗೆ ಕೊಟ್ಟರು. ಉಳಿದದ್ದರ ಮೇಲೆ ಮತ್ತೆ ಮುಚ್ಚಳ ಹಾಕಿ ಡಬ್ಬವನ್ನು ನನ್ನ ಎದೆಗೆ ಒತ್ತಿದರು.

"ಮುಂದುಕ್ ಕೊಡು," ಎಂದರು.

ಸಂಜೆಯ ಬಸ್ಸಿನಲ್ಲಿ ನಾನು ಅವರು ಕೊಟ್ಟ ಕಜ್ಜಾಯವನ್ನು ನಿಧಾನವಾಗಿ ತಿಂದು ಮುಗಿಸಿದೆ. ಹೊರಗೆ ಕಬ್ಬು ಮತ್ತೆ ಬೆಳ್ಳಗಾಗಿತ್ತು, ಮಂಜು ಇಳಿಯುತ್ತಿತ್ತು. ಮುಂದಿನ ಸೀಟಿನ ಹೆಂಗಸಿನ ಹೆಗಲ ಪಕ್ಕದಿಂದ ಡಬ್ಬ ಚಾಚಿದೆ. ಆಕೆ ತಿರುಗಿ ನನ್ನ ಮುಖ ನೋಡಿದಳು, ಡಬ್ಬ ನೋಡಿದಳು. ಆಮೇಲೆ ತೆಗೆದುಕೊಂಡು, ಒಂದು ಚೂರು ಮುರಿದು, ಮುಂದಿನವರ ಕೈಗೆ ಕೊಟ್ಟಳು.